ಕಪ್ಪು ನಾಯಿ, ಕಪ್ಪು ಹಿನ್ನೆಲೆ: ಪವರ್ ಅಲ್ಲ, ಲೈಟಿನ ಜಾಗ ಬದಲಿಸಿ

ನಿಮ್ಮ ಕಪ್ಪು ಲ್ಯಾಬ್ರಡಾರ್ ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗಿ ಬರೀ ಕಣ್ಣು, ನಾಲಿಗೆ ಕಾಣುತ್ತಿದೆ, ಮುಂದಿನ ಫ್ಲಾಶ್ ಜಾಸ್ತಿ ಮಾಡಿದರೂ ಸರಿಹೋಗಲಿಲ್ಲ ಅಂದಿರಿ. ಸರಿಹೋಗಲ್ಲ. ಕಪ್ಪು ಕೂದಲು ಬೆಳಕನ್ನು ನುಂಗುತ್ತದೆ, ನಮಗೆ ಕಾಣುವುದು ಅದರ ಮೇಲಿನ ಹೊಳಪು ಮಾತ್ರ. ಆ ಹೊಳಪು ಕನ್ನಡಿಯ ಹಾಗೆ, ಬೆಳಕು ಬಿದ್ದ ಕೋನದಲ್ಲೇ ಆಚೆ ಪುಟಿಯುತ್ತದೆ. ಹಾಗಾಗಿ ಎದುರಿನಿಂದ ಎಷ್ಟು ಸುರಿದರೂ ಅಷ್ಟೇ.

ಎರಡು ಸ್ಟ್ರಿಪ್ ಸಾಫ್ಟ್‌ಬಾಕ್ಸ್ (ಫ್ಲಾಶಿನ ಬೆಳಕನ್ನು ಮೆದುಗೊಳಿಸುವ ಬಟ್ಟೆಯ ಪೆಟ್ಟಿಗೆ, ಸ್ಟ್ರಿಪ್ ಅಂದರೆ ಉದ್ದಕ್ಕೆ ಕಿರಿದಾಗಿರುವುದು) ತೆಗೆದುಕೊಂಡು ನಾಯಿಯ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಫ್ರೇಮಿಗೆ ಬೀಳದ ಹಾಗೆ ನಿಲ್ಲಿಸಿ, ನಾಯಿಯ ಕಡೆಗೆ ತಿರುಗಿಸಿ. ಕಿವಿ, ಕತ್ತು, ಬೆನ್ನಿನ ಅಂಚು ತಾನಾಗಿಯೇ ಎದ್ದು ಬರುತ್ತದೆ. ಅವಕ್ಕೆ ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಜಾಲರಿ) ಹಾಕಲೇಬೇಕು, ಇಲ್ಲದಿದ್ದರೆ ಬೆಳಕು ನೇರ ಲೆನ್ಸಿಗೆ ಹೊಡೆದು ಚಿತ್ರವೆಲ್ಲ ಮಂಕು. ಮುಂದೆ ಒಂದು ದೊಡ್ಡ ಸಾಫ್ಟ್‌ಬಾಕ್ಸ್, ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಮೇಲೆ, ಆದಷ್ಟು ಹತ್ತಿರ. ಕಣ್ಣಿನ ಮಿಂಚಿಗೆ ಇದು ಬೇಕು. ಹತ್ತಿರ ಇಟ್ಟರೆ ಇನ್ನೊಂದು ಲಾಭ: ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ, ನಾಯಿಯನ್ನು ಹಿನ್ನೆಲೆಯಿಂದ 2 ಮೀಟರ್ ಮುಂದೆ ಕೂರಿಸಿದರೆ ಬಟ್ಟೆಯ ಸುಕ್ಕು ಕಾಣುವುದೇ ಇಲ್ಲ.

ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರನ್ನು ನಂಬಬೇಡಿ, ಅದು ಕಪ್ಪನ್ನೂ ಬೂದು ಮಾಡಲು ನೋಡುತ್ತದೆ. ಮ್ಯಾನುಯಲ್‌ನಲ್ಲಿ ಇಟ್ಟು, ಅಂಚಿನ ಹೊಳಪು ಬೆಳ್ಳಗೆ ಸುಟ್ಟುಹೋಗದಷ್ಟಕ್ಕೆ ಹಿಂದಿನ ಲೈಟು ಇಳಿಸಿ.

ಹಾಂ, ಮೊದಲು ಚೆನ್ನಾಗಿ ಬ್ರಷ್ ಮಾಡಿ. ಅಂಚಿನ ಬೆಳಕಿನಲ್ಲಿ ಒಂದೊಂದು ಧೂಳೂ ನಕ್ಷತ್ರದ ಹಾಗೆ ಕಾಣುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಒರೆಸುತ್ತಾ ಕೂರಬೇಕು. ನಾನು ಕೂತಿದ್ದೇನೆ!