ಮೆರವಣಿಗೆಯ ಮುಖಗಳು, ಸೌತೆಕಾಯಿಯ ನೀರು: ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಮ್ಮ ಬೇಸಿಗೆ ಸಂಚಿಕೆಯನ್ನು ಕುರಿತು ತಾವು ಬರೆದ ಪತ್ರ ತಲುಪಿದೆ. ಬಿಡುವಿನ ಹವ್ಯಾಸಗಳ ವಿಭಾಗದಲ್ಲಿ ಮೆರವಣಿಗೆಗಳ ಛಾಯಾಗ್ರಹಣವನ್ನೂ ಸರಳ ಸಲಾಡ್‌ಗಳನ್ನೂ ಅಕ್ಕಪಕ್ಕದಲ್ಲಿ ಅಚ್ಚು ಮಾಡಿದ್ದು ತಮಗೆ ಸರಿ ಕಂಡಿಲ್ಲ. ಫೋನು ಹಿಡಿದವರೆಲ್ಲ ಫೋಟೊ ತೆಗೆಯುತ್ತಾರೆ, ಚಾಕು ಹಿಡಿದವರೆಲ್ಲ ತರಕಾರಿ ಹೆಚ್ಚುತ್ತಾರೆ, ಇಂಥವಕ್ಕೆ ಪತ್ರಿಕೆಯ ಪುಟಗಳನ್ನು ಏಕೆ ವ್ಯಯಿಸಬೇಕು ಎಂದು ಕೇಳಿದ್ದೀರಿ. ಹನ್ನೊಂದು ಪದಾರ್ಥಗಳ ಸಲಾಡನ್ನು ನಾವು ‘ಸರಳ’ ಎಂದು ಕರೆದದ್ದನ್ನೂ ಟೀಕಿಸಿದ್ದೀರಿ. ಅದೇ ಪತ್ರದ ಕೊನೆಗೆ, ತಾವು ತೆಗೆದ ಮೆರವಣಿಗೆಯ ಚಿತ್ರಗಳಲ್ಲಿ ಮುಖಗಳೆಲ್ಲ ಕಪ್ಪಾಗಿವೆಯೆಂದೂ, ಮಾಡಿಟ್ಟ ಸಲಾಡ್ ಊಟದ ಹೊತ್ತಿಗೆ ನೀರು ಬಿಟ್ಟುಕೊಂಡಿತೆಂದೂ ಬರೆದಿದ್ದೀರಿ. ತಮ್ಮ ಪ್ರಶ್ನೆಗೆ ಉತ್ತರ ಈ ಎರಡು ದೂರುಗಳಲ್ಲೇ ಇದೆ ಎಂದರೆ ಬೇಸರಿಸಬಾರದು. ಎರಡೂ ಕೆಲಸಗಳಲ್ಲಿ ಸಲಕರಣೆಯ ಪಾಲು ಕಡಿಮೆ. ಯಾವುದನ್ನು ಯಾವ ಹೊತ್ತಿಗೆ ಮಾಡಬೇಕೆಂಬ ತಿಳಿವಳಿಕೆಯ ಪಾಲು ಹೆಚ್ಚು.

ಮೊದಲು ಮುಖಗಳ ವಿಚಾರ. ಬೇಸಿಗೆಯ ನಡುಹಗಲಿನಲ್ಲಿ ಬೆಳಕು ನೆತ್ತಿಯ ಮೇಲಿಂದ ಬೀಳುವುದರಿಂದ ಹುಬ್ಬಿನ ಮತ್ತು ಟೋಪಿಯ ಅಂಚಿನ ನೆರಳು ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಇದರ ಜೊತೆಗೆ, ಬಿಳಿ ಸಮವಸ್ತ್ರ ಮತ್ತು ಬೆಳಗುವ ಆಕಾಶವನ್ನು ಕಂಡ ಕ್ಯಾಮೆರಾ ದೃಶ್ಯವೆಲ್ಲ ಅತಿ ಪ್ರಕಾಶವಾಗಿದೆಯೆಂದು ಲೆಕ್ಕ ಹಾಕಿ ಇಡೀ ಚಿತ್ರವನ್ನೇ ಕಪ್ಪಾಗಿಸುತ್ತದೆ. ಫೋನಿನಲ್ಲಾದರೆ ಪರದೆಯ ಮೇಲೆ ಮುಖವಿರುವ ಜಾಗವನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಫೋಕಸ್ಸೂ ಬೆಳಕಿನ ಅಳತೆಯೂ ಅಲ್ಲಿಗೇ ಸ್ಥಿರವಾಗುತ್ತವೆ. ಆಗ ಬಟ್ಟೆಯ ಬಿಳುಪು ಸುಟ್ಟಂತೆ ಕಂಡರೆ ಬೆಳಕನ್ನು ತುಸು ತಗ್ಗಿಸಿ, ಏಕೆಂದರೆ ಮಬ್ಬಾದ ನೆರಳನ್ನು ಆಮೇಲೆ ಎಷ್ಟೋ ಮಟ್ಟಿಗೆ ಎತ್ತಬಹುದು, ಪೂರ್ತಿ ಬೆಳ್ಳಗಾದ ಭಾಗದಲ್ಲಿ ಮರಳಿ ಪಡೆಯಲು ವಿವರವೇ ಉಳಿದಿರುವುದಿಲ್ಲ. ಆದರೆ ಇವೆಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ನಿಲ್ಲುವ ಜಾಗವನ್ನು ಮುಂಚಿತವಾಗಿ ನೋಡಿಡುವುದು. ಕಟ್ಟಡದ ಅಥವಾ ಮರಗಳ ನೆರಳು ರಸ್ತೆಯನ್ನು ಪೂರ್ತಿ ಆವರಿಸಿದ ಕಡೆ ಬೆಳಕು ಮೃದುವಾಗಿರುತ್ತದೆ. ರಸ್ತೆ ತಿರುಗುವ ಕಡೆ ಸಾಲುಗಳು ನಿಧಾನವಾಗುತ್ತವೆ. ತಿರುವಿನ ಹೊರಮೈಯಲ್ಲಿ, ಜನರ ದಾರಿಗೆ ಅಡ್ಡವಾಗದಂತೆ ನಿಂತವನಿಗೆ ಬರುವವರ ಮುಖಗಳು ನೇರವಾಗಿ ಸಿಗುತ್ತವೆ. ರಸ್ತೆಯ ಬದಿಯಲ್ಲಿ ನಿಂತವನಿಗೆ ಕಿವಿ ಮತ್ತು ಭುಜಗಳೇ ಗತಿ.

ಚಲನೆಯನ್ನು ಹಿಡಿಯಲು 1/500 ಸೆಕೆಂಡಿನ ಷಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ, ಸಾಮಾನ್ಯವಾಗಿ ಸಾಕು. ಅದಕ್ಕಿಂತ ಉಪಯುಕ್ತವಾದ ಒಂದು ಸಂಗತಿಯನ್ನು ನಮ್ಮ ಲೇಖನ ಹೇಳದೆ ಬಿಟ್ಟಿದ್ದರಿಂದ ಇಲ್ಲಿ ಹೇಳುತ್ತೇನೆ. ಡೋಲು ಬಾರಿಸುವವನ ಕೈಯನ್ನು ಗಮನಿಸಿ: ಕೋಲು ಮೇಲೇರಿ, ಇಳಿಯಲು ತಿರುಗುವ ಆ ತುದಿಯಲ್ಲಿ ಒಂದು ಕ್ಷಣ ನಿಂತೇಬಿಡುತ್ತದೆ. ತಾಳವನ್ನು ನಾಲ್ಕಾರು ಬಾರಿ ಕೇಳಿಸಿಕೊಂಡು ಆ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಕಡಿಮೆ ವೇಗದಲ್ಲೂ ಕೋಲು ಸ್ಫುಟವಾಗಿ ಮೂಡುತ್ತದೆ. ಇದಕ್ಕೆ ವಿರುದ್ಧವಾದ ಪ್ರಯೋಗವೂ ಉಂಟು. ಸೈಕಲ್ಲಿನವರು ಹಾದುಹೋಗುವಾಗ ವೇಗವನ್ನು 1/30ಕ್ಕೆ ಇಳಿಸಿ, ಸೊಂಟದಿಂದ ಮೇಲೆ ಅವರೊಡನೆಯೇ ತಿರುಗುತ್ತ ಚಿತ್ರ ತೆಗೆದರೆ ಸವಾರ ಸ್ಪಷ್ಟವಾಗಿರುತ್ತಾನೆ, ಹಿನ್ನೆಲೆ ಗೆರೆಗೆರೆಯಾಗಿ ಓಡುತ್ತದೆ. ಹತ್ತರಲ್ಲಿ ಒಂಬತ್ತು ಕೆಡುತ್ತವೆ, ಕೆಡಲಿ.

ಚಲನೆಗೂ ಕ್ಯಾಮೆರಾಕ್ಕೂ ಇರುವ ಈ ಜಗಳ ಛಾಯಾಗ್ರಹಣದಷ್ಟೇ ಹಳೆಯದು. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಲೂಯಿ ಡಾಗೇರ್ ಪ್ಯಾರಿಸ್ಸಿನ ಗಿಜಿಗುಟ್ಟುವ ಬೀದಿಯೊಂದನ್ನು ಮೇಲಿನಿಂದ ಚಿತ್ರಿಸಿದಾಗ ಬೆಳಕು ಹಿಡಿಯಲು ಹಲವು ನಿಮಿಷ ಬೇಕಾದ್ದರಿಂದ ಓಡಾಡುತ್ತಿದ್ದ ಜನರೂ ಗಾಡಿಗಳೂ ಫಲಕದ ಮೇಲೆ ಮೂಡಲೇ ಇಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬನಂತೂ ಸ್ಪಷ್ಟವಾಗಿ ಉಳಿದ. ಇನ್ನೊಂದು ಉದಾಹರಣೆ ತಮ್ಮ ಆಕ್ಷೇಪಕ್ಕೆ ಹೆಚ್ಚು ಹತ್ತಿರದ್ದು. 1937ರಲ್ಲಿ ಲಂಡನ್ನಿನಲ್ಲಿ ಆರನೆಯ ಜಾರ್ಜ್‌ನ ಪಟ್ಟಾಭಿಷೇಕದ ಮೆರವಣಿಗೆಯನ್ನು ಚಿತ್ರಿಸಲು ಹೋದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ ಬ್ರೆಸೋನ್ ರಾಜನ ಕಡೆ ಬೆನ್ನು ಹಾಕಿ, ಅವನನ್ನು ನೋಡಲು ಬಂದ ಜನರ ಚಿತ್ರಗಳನ್ನು ತೆಗೆದ. ತಮ್ಮ ಚಿತ್ರಗಳಲ್ಲಿ ಸಾಲುಗಳಷ್ಟೇ ಇದ್ದು ನೋಡುಗರು ಇಲ್ಲವೇ ಇಲ್ಲ ಎಂಬುದನ್ನು, ತಾವು ಕಳಿಸಿದ ಮಾದರಿಗಳನ್ನು ನೋಡಿ ಹೇಳುತ್ತಿದ್ದೇನೆ. ಹೊರಡುವ ಮುನ್ನ ಎಲ್ಲರೂ ಸೇರುವ ಮೈದಾನಕ್ಕೂ ಬೇಗನೆ ಹೋಗಿ. ಒಬ್ಬರ ಸೊಂಟಪಟ್ಟಿಯನ್ನು ಇನ್ನೊಬ್ಬರು ಬಿಗಿಯುವುದು, ವಾದ್ಯ ಹೊತ್ತವರು ಗಟಗಟನೆ ನೀರು ಕುಡಿಯುವುದು ಅಲ್ಲಿ ಕಾಣಸಿಗುತ್ತದೆ, ನಡಿಗೆಯಲ್ಲಿ ಸಿಗುವುದಿಲ್ಲ.

ಸಲಾಡ್ ನೀರು ಬಿಡುವುದಕ್ಕೆ ಕಾರಣ ಉಪ್ಪು. ಹೆಚ್ಚಿದ ತರಕಾರಿಯ ಮೇಲೆ ಉಪ್ಪು ಬಿದ್ದೊಡನೆ ಜೀವಕೋಶಗಳೊಳಗಿನ ನೀರು ಹೊರಕ್ಕೆ ಜಿನುಗತೊಡಗುತ್ತದೆ. ಇದನ್ನು ತಡೆಯಲು ಆಗದು, ಮೊದಲೇ ಮುಗಿಸಿಬಿಡಬಹುದು. ಸೌತೆಕಾಯಿಯ ಬಿಲ್ಲೆಗಳಿಗೆ ಉಪ್ಪು ಸವರಿ ತೂತಿನ ಬುಟ್ಟಿಯಲ್ಲಿ 15ರಿಂದ 20 ನಿಮಿಷ ಇಟ್ಟು, ಇಳಿದ ನೀರನ್ನು ಚೆಲ್ಲಿ, ಬಟ್ಟೆಯಲ್ಲಿ ಒತ್ತಿ ಬಳಸಿದರೆ ತಟ್ಟೆಯಲ್ಲಿ ಮತ್ತೆ ಅಷ್ಟು ನೀರಾಗುವುದಿಲ್ಲ. ಟೊಮೆಟೊದ ಬೀಜದ ಭಾಗವನ್ನು ತೆಗೆದುಬಿಡಿ. ಸೊಪ್ಪಿನೆಲೆಗಳು ಬಾಡಿದ್ದರೆ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿದಾಗ ಮತ್ತೆ ಗರಿಗರಿಯಾಗುತ್ತವೆ, ಆದರೆ ಆಮೇಲೆ ಪೂರ್ತಿ ಒರಸಲೇಬೇಕು. ಒದ್ದೆ ಎಲೆಗೆ ಎಣ್ಣೆ ಅಂಟುವುದಿಲ್ಲ. ಎಣ್ಣೆ ಮೂರು ಪಾಲು, ನಿಂಬೆರಸ ಅಥವಾ ವಿನೆಗರ್ ಒಂದು ಪಾಲು, ಎರಡನ್ನೂ ಕೂಡಿಸಿಡಲು ಚಿಟಿಕೆ ಸಾಸಿವೆ ಪುಡಿ ಎಂಬುದು ರೂಢಿಯ ಲೆಕ್ಕ. ನನಗೆ ಅಷ್ಟು ಎಣ್ಣೆ ಹೆಚ್ಚೆನಿಸುತ್ತದೆ. ಎಲೆಯ ಮೇಲಿನ ಮೇಣದ ಪದರವನ್ನು ಎಣ್ಣೆ ಸುಲಭವಾಗಿ ದಾಟಿ ಎಲೆಯನ್ನು ಬಾಡಿಸುವುದರಿಂದ ಈ ಮಿಶ್ರಣವನ್ನು ಬಡಿಸುವ ಮುಂಚೆಯಷ್ಟೇ ಬೆರೆಸಬೇಕು. ಹನ್ನೊಂದು ಪದಾರ್ಥ ಹಾಕಿ ‘ಸರಳ’ ಎಂದು ಕರೆಯುವ ಪಾಕವಿಧಾನಗಳನ್ನು ನಾವು ಇನ್ನು ಮುಂದೆ ಅಚ್ಚು ಮಾಡುವುದಿಲ್ಲ. ಈ ವಿಷಯದಲ್ಲಿ ತಮ್ಮ ಟೀಕೆ ನ್ಯಾಯವಾದದ್ದು.

ಮೆರವಣಿಗೆಯ ದಿನ ಸಲಾಡನ್ನೇ ಬುತ್ತಿಯಾಗಿ ಒಯ್ಯುವುದಾದರೆ ತರಕಾರಿ ಒಂದು ಡಬ್ಬಿಯಲ್ಲಿ, ಎಣ್ಣೆ–ಹುಳಿಯ ಮಿಶ್ರಣ ಬೇರೆ ಶೀಸೆಯಲ್ಲಿ ಇರಲಿ. ಹೆಚ್ಚಿದ್ದನ್ನು ತಂಪಿಲ್ಲದ ಕಡೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಫೋನೂ ಬಿಸಿಲಿನಲ್ಲಿ ಕಾದರೆ ಪರದೆ ಮಂಕಾಗಿ ಕೈಕೊಡುತ್ತದೆ, ಅದಕ್ಕೂ ನೆರಳು ಬೇಕು.

ಹೊಸದಾಗಿ ತೆಗೆದ ಚಿತ್ರಗಳನ್ನು ಕಳಿಸಬಹುದೇ ಎಂದು ಕೇಳಿದ್ದೀರಿ. ಅಗತ್ಯವಾಗಿ ಕಳಿಸಿ. ಫಿಲ್ಟರ್ ಹಾಕದ ಮೂಲ ಕಡತವೇ ಬೇಕು, ಮತ್ತು ಮಗುವಿನ ಮುಖ ಗುರುತು ಸಿಗುವಂತಿದ್ದರೆ ಹೆತ್ತವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕು.

ತಮ್ಮ ವಿಶ್ವಾಸಿ,
ಸಂಪಾದಕ