ಬಿಸಿಗೆ ಸಿಕ್ಕ ಗಿಡ ಪ್ರೋಟೀನ್ ತಯಾರಿ ನಿಲ್ಲಿಸಿಬಿಡುತ್ತದೆಯೇ?

ಬಿಸಿ ಜಾಸ್ತಿಯಾದಾಗ ಗಿಡ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದಂತೆ, ಹಾಗಾದರೆ ಬದುಕುವುದು ಹೇಗೆ ಎಂದು ಕೇಳಿದ್ದೀರಿ. ನೀವು ಓದಿದ್ದು ಮುಕ್ಕಾಲು ಪಾಲು ನಿಜ. ಹೆಚ್ಚಿನವುಗಳ ತಯಾರಿ ತಗ್ಗುತ್ತದೆ. ಆದರೆ ಕೆಲವು ಪ್ರೋಟೀನ್‌ಗಳು ಅದೇ ಹೊತ್ತಿಗೆ ರಾಶಿ ರಾಶಿ ತಯಾರಾಗುತ್ತವೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಸರಿಯಾಗಿ ಮಡಚಿಕೊಂಡರಷ್ಟೇ ಅದರಿಂದ ಕೆಲಸ. ಬಿಸಿ ಏರಿದರೆ ಮಡಿಕೆ ಸಡಿಲವಾಗುತ್ತದೆ. ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಭಾಗಗಳು ಹೊರಬಂದು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮೊಟ್ಟೆಯ ಬಿಳಿ ಬೆಂದಾಗ ಗಟ್ಟಿಯಾಗುತ್ತದಲ್ವಾ, ಹಾಗೆ. ಇಂಥ ಹೊತ್ತಲ್ಲಿ ಹೊಸದನ್ನು ಮಾಡುತ್ತಾ ಹೋದರೆ ಗಂಟು ಇನ್ನಷ್ಟು ಬೆಳೆಯುತ್ತದೆ, ಅಷ್ಟೆ. ಅದಕ್ಕೇ ಪ್ರೋಟೀನ್ ಕಟ್ಟುವ ಯಂತ್ರಗಳಾದ ರೈಬೋಸೋಮ್‌ಗಳು ಅನೇಕ ಎಂಆರ್‌ಎನ್‌ಎಗಳನ್ನು, ಅಂದರೆ ಯಾವ ಪ್ರೋಟೀನ್ ಕಟ್ಟಬೇಕೆಂದು ಜೀನ್‌ನಿಂದ ಬಂದ ನಕಲುಗಳನ್ನು, ಬಿಟ್ಟುಬಿಡುತ್ತವೆ. ಅವುಗಳಲ್ಲಿ ಒಂದಷ್ಟನ್ನು ಜೀವಕೋಶ ಹಾಳು ಮಾಡದೆ ಸಣ್ಣ ಸಣ್ಣ ಮುದ್ದೆಗಳಲ್ಲಿ ಕೂಡಿಡುತ್ತದೆ, ತಂಪಾದ ಮೇಲೆ ಬೇಕಾಗುತ್ತವೆ ಅಂತ.

ರಾಶಿ ರಾಶಿ ತಯಾರಾಗುವವು ಹೀಟ್ ಶಾಕ್ ಪ್ರೋಟೀನ್‌ಗಳು, ಚಿಕ್ಕದಾಗಿ ಎಚ್‌ಎಸ್‌ಪಿ. ಅವುಗಳಲ್ಲಿ ಗಾತ್ರದಲ್ಲಿ ಚಿಕ್ಕವು ಬಿಚ್ಚಿಕೊಂಡ ಪ್ರೋಟೀನನ್ನು ಗಂಟಾಗದಂತೆ ಹಿಡಿದಿಡುತ್ತವೆ. ಎಚ್‌ಎಸ್‌ಪಿ70 ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಮತ್ತೆ ಮಡಚಲು ನೆರವಾಗುತ್ತದೆ. ಆಗಲೇ ಗಂಟು ಬಿದ್ದಿದ್ದರೆ ಎಚ್‌ಎಸ್‌ಪಿ101 ಬರುತ್ತದೆ. ಇದು ಆರು ತುಂಡು ಸೇರಿದ ಬಳೆ. ಗಂಟಿನಿಂದ ಒಂದೊಂದೇ ಎಳೆಯನ್ನು ತನ್ನ ತೂತಿನ ಮೂಲಕ ಎಳೆದು ಬಿಡಿಸುತ್ತದೆ. (ಹೆಸರಿನ ಸಂಖ್ಯೆ ಅಣುಗಳ ತೂಕದ ಅಳತೆಯಾದ ಕಿಲೋಡಾಲ್ಟನ್‌ನಲ್ಲಿ ಅದರ ಸುಮಾರು ತೂಕ, ಬೇರೇನೂ ಇಲ್ಲ.)

ಬಿಸಿಯಾಯಿತು ಅಂತ ಗಿಡಕ್ಕೆ ತಿಳಿಯುವ ಒಂದು ಬಗೆ ನನಗೆ ತುಂಬಾ ಇಷ್ಟ. ಮಾಮೂಲಿ ದಿನಗಳಲ್ಲಿ ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಸುಮ್ನೆ ಕೂತಿರುವುದಿಲ್ಲ. ಹೀಟ್ ಶಾಕ್ ಪ್ರೋಟೀನ್‌ಗಳ ಜೀನ್‌ಗಳನ್ನು ಚಾಲೂ ಮಾಡುವ ಎಚ್‌ಎಸ್‌ಎಫ್ ಎಂಬ ಪ್ರೋಟೀನನ್ನು ಹಿಡಿದಿಟ್ಟಿರುತ್ತವೆ. ಮಡಿಕೆ ಕೆಟ್ಟ ಪ್ರೋಟೀನ್‌ಗಳು ಹೆಚ್ಚಾದರೆ ಈ ಎರಡು ಎಚ್‌ಎಸ್‌ಪಿಗಳು ಅತ್ತ ಓಡುತ್ತವೆ. ಎಚ್‌ಎಸ್‌ಎಫ್‌ಗೆ ಬಿಡುಗಡೆ, ಜೀನ್‌ಗಳು ಚಾಲೂ. ರಿಪೇರಿ ಮುಗಿದರೆ ಮತ್ತೆ ಬಂದು ಹಿಡಿದುಕೊಳ್ಳುತ್ತವೆ.

ಜೀವಕೋಶದೊಳಗೆ ಹಲವು ಪ್ರೋಟೀನ್‌ಗಳು ಮಡಚಿಕೊಳ್ಳುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಬೇರೆಯದೇ ಏರ್ಪಾಡಿದೆ. ಅಲ್ಲಿ ಐಆರ್‌ಇ1 ಎಂಬ ಪ್ರೋಟೀನ್, ಜೀನ್‌ಗಳನ್ನು ಚಾಲೂ ಮಾಡುವ ಬಿಝಿಪ್60 ಎಂಬ ಇನ್ನೊಂದು ಪ್ರೋಟೀನ್‌ನ ಎಂಆರ್‌ಎನ್‌ಎಯಿಂದ ಒಂದು ಚೂರನ್ನು ಕತ್ತರಿಸಿ ಎಚ್ಚರಿಕೆ ಕಳಿಸುತ್ತದೆ.

ಓದುವಾಗ, ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬೆಳೆಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಸಸಿಗಳಲ್ಲಿ ಹೀಟ್ ಶಾಕ್ ಪ್ರೋಟೀನ್‌ಗಳ ಕೆಲಸ ನೋಡಿದ್ದೇನೆ. ನೇರ 45 ಡಿಗ್ರಿಗೆ ಇಟ್ಟವು ಬಿಳಚಿ ಸತ್ತವು. ಮೊದಲು 38 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟು, ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲೆ 45ಕ್ಕೆ ಹಾಕಿದವು ಹಸಿರಾಗಿಯೇ ಉಳಿದವು. ಎಚ್‌ಎಸ್‌ಪಿ101 ಇಲ್ಲದ ಸಸಿಗಳಿಗೆ ಮಾತ್ರ ಈ ತಾಲೀಮು ದಕ್ಕಲಿಲ್ಲ. ಮಾಮೂಲಿ ಕೋಣೆಯಲ್ಲಿ ಅವು ಬೇರೆ ಸಸಿಗಳಂತೆಯೇ ಬೆಳೆಯುತ್ತವೆ. ಒಮ್ಮೆ ನನ್ನ ತಟ್ಟೆಗಳ ಚೀಟಿ ಕಳಚಿಹೋಗಿ, ಯಾವುದು ಯಾವುದೆಂದು ತಿಳಿಯಲು ಬಿಸಿ ಕೊಟ್ಟೇ ನೋಡಬೇಕಾಯಿತು.