ಗೆಳತಿಯ ಗೃಹಪ್ರವೇಶಕ್ಕೆ ಕೈಯಲ್ಲೇ ಹೆಣೆದ ಪಾತ್ರೆ ಒರೆಸುವ ಬಟ್ಟೆ ಕೊಡಬಹುದಾ? ಯಾವ ಡಿಸೈನ್ ಹಾಕಿದರೆ ಉಡುಗೊರೆ ಅನ್ನಿಸುತ್ತೆ?

ಖಂಡಿತ ಕೊಡಿ. ಡಿಸೈನ್ ಮಾತ್ರ ಬೇಡ.

ಮೂರು ವಾರ ಸಮಯ, ಆರು ಬಟ್ಟೆ, ನೋಡಿದವರು ‘ಇದನ್ನ ನೀನೇ ಹೆಣೆದ್ಯಾ?’ ಅನ್ನಬೇಕು ಎಂಬ ಆಸೆ. ನೀವು ಬರೆದದ್ದೆಲ್ಲ ಕೆಲವು ವರ್ಷಗಳ ಹಿಂದೆ ನನ್ನ ತಲೆಯಲ್ಲೂ ಇತ್ತು. ಆಗ ಅಕ್ಕ ಹೊಸ ಮನೆಗೆ ಹೋಗುವವಳಿದ್ದಳು. ಬಿಳಿ ಹತ್ತಿ ನೂಲು, ನಡುವೆ ಕಡು ಕೆಂಪು ಪಟ್ಟೆ, ಎರಡು ಬಟ್ಟೆಯಲ್ಲಿ ಎಲೆ ಎಲೆಯಾಗಿ ಲೇಸ್. ಹತ್ತಿ ನೂಲು ಉಣ್ಣೆಯ ಹಾಗೆ ಹಿಗ್ಗುವುದಿಲ್ಲ. ಒಂದು ಗಂಟೆ ಹೆಣೆದರೆ ಮಣಿಕಟ್ಟು ನೋಯುತ್ತಿತ್ತು. ಆರನೆಯದು ಮುಗಿದಾಗ ಗೃಹಪ್ರವೇಶದ ಹಿಂದಿನ ದಿನದ ರಾತ್ರಿ. ಕಡ್ಡಿಯಿಂದ ಇಳಿಸಿದೆ, ಕೈಯಲ್ಲೇ ನೀವಿ ನೇರ ಮಾಡಿದೆ, ರಿಬ್ಬನ್ ಕಟ್ಟಿ ಕೊಟ್ಟೆ.

ಒಗೆಯಲಿಲ್ಲ.

ನಾನು ಮಾಡಿದ ತಪ್ಪು ಇದೊಂದೇ. ಸಮಯ ಇರಲಿಲ್ಲ ಅಂತ ಹೇಳಬಹುದು, ಆದರೆ ಅದು ನಿಜ ಅಲ್ಲ. ಮೊದಲ ಬಟ್ಟೆ ಮುಗಿದು ಎರಡು ವಾರ ಆಗಿತ್ತು. ನನಗೇ ಒಗೆಯುವುದು ಬೇಕಿರಲಿಲ್ಲ. ಒಗೆದರೆ ಆ ಹೊಸ ಹೊಳಪು ಹೋಗುತ್ತೆ, ಬಳಸಿದ್ದನ್ನು ಕೊಟ್ಟ ಹಾಗಿರುತ್ತೆ ಅಂದುಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಅವಳ ಮನೆಗೆ ಹೋದೆ. ಸಿಂಕ್ ಪಕ್ಕದಲ್ಲಿ ಅಂಗಡಿಯ ಬಟ್ಟೆ ನೇತಾಡುತ್ತಿತ್ತು. ‘ನಾನು ಕೊಟ್ಟಿದ್ದು ಎಲ್ಲಿ?’ ಅಂದೆ. ‘ಎತ್ತಿಟ್ಟಿದ್ದೀನಿ ಕಣೇ, ಅಷ್ಟು ಚೆನ್ನಾಗಿದೆ ಅಲ್ವಾ’ ಅಂದಳು. ನಾನು ಬಿಡಲಿಲ್ಲ. ಕೊನೆಗೆ ಡ್ರಾಯರ್ ಎಳೆದು ತೋರಿಸಿದಳು. ಬಿಳಿ ಭಾಗವೆಲ್ಲ ಗುಲಾಬಿ. ಹೆಣೆದಾಗ 22 ಸೆಂಟಿಮೀಟರ್ ಚೌಕ ಇದ್ದದ್ದು ಒಂದು ಕಡೆ 19ಕ್ಕೆ ಇಳಿದಿತ್ತು. ಲೇಸ್ ಇದ್ದ ಎರಡೂ ಸೊಟ್ಟಗಾಗಿದ್ದವು. ಒಂದರಲ್ಲಿ ನೂಲಿನ ತುದಿ ಬಿಚ್ಚಿಕೊಂಡು ತೂತು ಬಿದ್ದಿತ್ತು. ಮನೆಗೆ ಅಂತ ಆಸೆಪಟ್ಟು ತಂದಿದ್ದ ಬಿಳಿ ಟವೆಲ್‌ಗಳ ಜೊತೆ ಬಿಸಿ ನೀರಿಗೆ ಹಾಕಿದ್ದಳು. ಅವೂ ಗುಲಾಬಿ ಆಗಿದ್ದವು. ನನಗೆ ಬೇಜಾರಾಗಬಾರದು ಅಂತ ಎರಡು ತಿಂಗಳು ಒಂದು ಮಾತೂ ಹೇಳಿರಲಿಲ್ಲ. ಟವೆಲ್‌ಗಿಂತ ಅದೇ ನನಗೆ ಜಾಸ್ತಿ ನೋವು ಕೊಟ್ಟಿದ್ದು.

ಅಳತೆ, ಬಣ್ಣ, ತುದಿ, ಮೂರೂ ತೊಂದರೆಗೆ ಕಾರಣ ಬೇರೆ ಬೇರೆ, ಹೊರಬರುವುದು ಮಾತ್ರ ಒಂದೇ ಸಲ. ನೂಲುವಾಗಲೂ ಹೆಣೆಯುವಾಗಲೂ ನೂಲನ್ನು ಎಳೆದೇ ಇಟ್ಟಿರುತ್ತೇವೆ. ಮೊದಲ ಸಲ ನೀರು ಕುಡಿದಾಗ ಎಳೆ ಊದಿಕೊಳ್ಳುತ್ತೆ, ಆ ಬಿಗಿ ಸಡಿಲವಾಗುತ್ತೆ, ಬಟ್ಟೆ ಚಿಕ್ಕದಾಗುತ್ತೆ. ಕಡು ಬಣ್ಣದ ನೂಲಿನಲ್ಲಿ ಎಳೆಗೆ ಕೂರದೆ ಉಳಿದ ಬಣ್ಣ ಇರಬಹುದು, ಬಿಸಿ ನೀರು ಅದನ್ನು ಹೊರಗೆ ತರುತ್ತೆ. ಹತ್ತಿ ಜಾರುತ್ತೆ ಬೇರೆ. ಉಣ್ಣೆಯಲ್ಲಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ತುದಿಯನ್ನು ಹಿಡಿದುಕೊಳ್ಳುತ್ತವೆ, ಹತ್ತಿಯಲ್ಲಿ ಹಾಗಿಲ್ಲ. ಇದೆಲ್ಲ ಮೊದಲ ಒಗೆತದಲ್ಲೇ ಗೊತ್ತಾಗಿಬಿಡುತ್ತೆ. ಆ ಮೊದಲ ಒಗೆತ ನನ್ನ ಬಕೆಟ್‌ನಲ್ಲಿ ಆಗಬೇಕಿತ್ತು, ಅಕ್ಕನ ಟವೆಲ್ ಜೊತೆ ಅಲ್ಲ. ನನ್ನ ಬಕೆಟ್‌ನಲ್ಲಿ ಆಗಿದ್ದರೆ ಕೆಂಪು ಬಿಟ್ಟು ಬೇರೆ ಬಣ್ಣ ತೆಗೆದುಕೊಳ್ಳುತ್ತಿದ್ದೆ, ನಾಲ್ಕು ಸ್ಟಿಚ್ (ಕಡ್ಡಿಯ ಮೇಲಿನ ಕುಣಿಕೆ) ಜಾಸ್ತಿ ಹಾಕುತ್ತಿದ್ದೆ, ತುದಿ ಇನ್ನಷ್ಟು ಉದ್ದ ಬಿಡುತ್ತಿದ್ದೆ. ಎಲ್ಲಾ ಸರಿಮಾಡಲು ಎರಡು ವಾರ ಇತ್ತು.

ವಿನೆಗರ್‌ನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ನಿಮಗೂ ಯಾರಾದರೂ ಹೇಳುತ್ತಾರೆ. ನನಗೂ ಹೇಳಿದ್ದರು. ಹುಳಿ ಕೆಲಸ ಮಾಡುವುದು ಉಣ್ಣೆ, ರೇಷ್ಮೆಗೆ ಹಾಕುವ ಬಣ್ಣಗಳ ಮೇಲೆ. ಹತ್ತಿಯ ಬಣ್ಣಕ್ಕೆ ಅದರಿಂದ ಉಪಯೋಗ ಇಲ್ಲ. ಗೇಣುದ್ದ ನೂಲನ್ನು ಬಿಸಿ ಸೋಪು ನೀರಲ್ಲಿ ಅದ್ದಿ, ಬಿಳಿ ಬಟ್ಟೆಯ ಮೇಲೆ ಇಟ್ಟು ಒತ್ತಿ. ಕಲೆ ಬಿದ್ದರೆ ಆ ಬಣ್ಣವನ್ನು ಬಿಳಿಯ ಪಕ್ಕ ಹೆಣೆಯಬೇಡಿ. ಅಷ್ಟೇ.

ಇನ್ನು ಡಿಸೈನ್ ವಿಷಯ. ಉಡುಗೊರೆ ಅನ್ನಿಸಬೇಕು ಅಂತ ಕೇಳಿದ್ದೀರಲ್ಲ, ನನಗೆ ಆ ಆಸೆಯೇ ತಪ್ಪು ಅನ್ನಿಸುತ್ತೆ. ನೋಡಲು ಚೆಂದ ಇದ್ದಷ್ಟೂ ಅದು ಡ್ರಾಯರ್ ಸೇರುತ್ತೆ. ಜಿಡ್ಡು ಮೆತ್ತಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ನಿಮ್ಮ ಗೆಳತಿ ಯೋಚನೆ ಮಾಡದೆ ಕೈಗೆ ತೆಗೆದುಕೊಳ್ಳುವಂಥದ್ದು ಕೊಡಿ. ಎಲ್ಲಾ ಸಾಲೂ ಬರೀ ನಿಟ್ ಸ್ಟಿಚ್, ಅಂದರೆ ಹೆಣಿಗೆಯ ಸಾದಾ ಸ್ಟಿಚ್, ಸಾಕು. ಅಂಚು ಸುರುಳಿ ಸುತ್ತುವುದಿಲ್ಲ, ಆ ಉಬ್ಬು ಸಾಲುಗಳೇ ಕೊಳೆ ತಿಕ್ಕುತ್ತವೆ.

ನಾನು ಈಗ ಮೂಲೆಯಿಂದ ಮೂಲೆಗೆ ಹೆಣೆಯುತ್ತೇನೆ. 4 ಸ್ಟಿಚ್ ಹಾಕಿ ಒಂದು ಸಾಲು ಸುಮ್ನೆ ಹೆಣೆಯಿರಿ. ಆಮೇಲೆ ಪ್ರತಿ ಸಾಲಿನಲ್ಲೂ 2 ನಿಟ್, ಒಂದು ಸಲ ನೂಲನ್ನು ಕಡ್ಡಿಗೆ ಸುತ್ತಿ, ಉಳಿದದ್ದೆಲ್ಲ ನಿಟ್. ಸಾಲಿಗೆ ಒಂದು ಸ್ಟಿಚ್ ಹೆಚ್ಚುತ್ತೆ. 46 ಆದಾಗ ಸ್ಟಿಚ್ ಸಂಖ್ಯೆ ಇಳಿಸಲು ಶುರು ಮಾಡಿ, ಪ್ರತಿ ಸಾಲಿನಲ್ಲೂ ಹೀಗೆ: 1 ನಿಟ್, ಎರಡನ್ನು ಸೇರಿಸಿ ಒಂದು, ನೂಲು ಸುತ್ತು, ಮತ್ತೆ ಎರಡನ್ನು ಸೇರಿಸಿ ಒಂದು, ಉಳಿದದ್ದು ನಿಟ್. 4ಕ್ಕೆ ಬಂದಾಗ ಮುಗಿಸಿ. ಮಧ್ಯಮ ದಪ್ಪದ ನೂಲಿಗೆ 4.5 ಮಿಲಿಮೀಟರ್ ಕಡ್ಡಿ ಸರಿ ಹೋಗುತ್ತೆ. 50 ಗ್ರಾಂ ಉಂಡೆಯಲ್ಲಿ ನನಗೆ ಒಂದು ಬಟ್ಟೆ ಆಗುತ್ತೆ. ನೂಲು ಸಾಲುತ್ತಾ ಅನ್ನುವ ಅನುಮಾನ ಬಂದರೆ ಉಂಡೆಯನ್ನು ತೂಕ ಮಾಡಿ. ಅರ್ಧಕ್ಕೆ ಬರುವ ಮೊದಲೇ ಇಳಿಸಲು ಶುರು ಮಾಡಿದರೆ ಕೊರತೆ ಬೀಳುವುದಿಲ್ಲ. ತುದಿಯನ್ನು 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಸೂಜಿಯಲ್ಲಿ ಮೂರು ದಿಕ್ಕಿಗೆ ತಿರುಗಿಸಿ ಪೋಣಿಸಿ. ಗಂಟು ಹಾಕಿ ಬಿಡಬೇಡಿ, ಹತ್ತಿಯಲ್ಲಿ ಗಂಟು ಜಾರುತ್ತೆ.

ಆರು ಬೇಡ, ಮೂರು ಮಾಡಿ. ಒಂದು ಕೈಯಲ್ಲಿ, ಒಂದು ಒಗೆಯಲು, ಒಂದು ಒಣಗಲು. ಉಳಿದ ದಿನಗಳನ್ನು ಒಗೆಯುವುದಕ್ಕೆ ಇಡಿ. ಗೆಳತಿ ಹೇಗೆ ಒಗೆಯುತ್ತಾಳೋ ಹಾಗೇ ಒಗೆಯಿರಿ: ಬಿಸಿ ನೀರು, ಸೋಪು, ಚೆನ್ನಾಗಿ ಹಿಂಡುವುದು. ಎರಡು ಸಲ ಆದರೆ ಇನ್ನೂ ಒಳ್ಳೆಯದು, ಬಟ್ಟೆ ಮೆತ್ತಗಾಗಿ ನೀರನ್ನೂ ಬೇಗ ಹೀರುತ್ತೆ. ಬಟ್ಟೆ ಮೃದು ಮಾಡುವ ದ್ರಾವಣ ಹಾಕಬೇಡಿ, ಅದು ಎಳೆಯ ಮೇಲೆ ಕೂತು ಹೀರುವುದನ್ನೇ ಕಡಿಮೆ ಮಾಡುತ್ತೆ.

ನೂಲು ಇನ್ನೂ ತಂದಿಲ್ಲ ಅಂದಿರಿ. ಲೇಬಲ್ ಮೇಲೆ 100% ಹತ್ತಿ ಅಂತ ಇದೆಯಾ ನೋಡಿ. ಅಕ್ರಿಲಿಕ್ ಬೆರೆತಿದ್ದರೆ ವಾಪಸ್ ಇಡಿ. ಬಿಸಿ ಪಾತ್ರೆ ಹಿಡಿಯಲು ಕೈಗೆ ಸಿಕ್ಕ ಬಟ್ಟೆಯನ್ನೇ ಎಲ್ಲರೂ ತೆಗೆದುಕೊಳ್ಳುತ್ತಾರೆ, ಅಕ್ರಿಲಿಕ್ ಆ ಬಿಸಿಗೆ ಕರಗಿ ಕೈಗೆ ಅಂಟಬಹುದು.

ಅಕ್ಕನಿಗೆ ಆಮೇಲೆ ಮೂರು ಬಟ್ಟೆ ಹೆಣೆದುಕೊಟ್ಟೆ. ಬಣ್ಣ ಹಾಕದ ನೂಲು, ಎರಡು ಸಲ ಒಗೆದದ್ದು. ಒಂದರ ಮೂಲೆ ಈಗ ಸವೆದು ತೆಳ್ಳಗಾಗಿದೆ, ಹೋದ ವಾರ ಫೋನ್ ಮಾಡಿ ಇನ್ನೊಂದು ಬೇಕು ಅಂದಳು.